ಸುಲ್ತಾನ್ ಖಾನ್‌ಗೆ ಸಲ್ಲಬೇಕಾದದ್ದು

2024ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆ, ಮೀರ್ ಸುಲ್ತಾನ್ ಖಾನ್ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ನೀಡಿತು. ಚೆಸ್ ಆಟಗಾರರಿಗೆ ಸಿಗುವ ಅತ್ಯುನ್ನತ ಬಿರುದು ಅದು. ಸುಲ್ತಾನ್ ಖಾನ್ ತೀರಿಕೊಂಡದ್ದು 1966ರಲ್ಲಿ. ಈ ಸುದ್ದಿ ಓದಿದಾಗ ಸಂತೋಷಕ್ಕಿಂತ ಮೊದಲು ನನಗೆ ಬಂದದ್ದು ಸಂಕಟ. ಪರದೇಶದಲ್ಲಿ ಬಾಳು ಕಟ್ಟಿಕೊಂಡ ನಮ್ಮ ಸಂಘದ ಓದುಗರಿಗೆ ಈ ಆಟಗಾರನ ಕಥೆ ತಿಳಿದಿರಬೇಕು.

ಅವಿಭಜಿತ ಪಂಜಾಬಿನ ಸುಲ್ತಾನ್ ಖಾನ್ ಕಲಿತದ್ದು ಭಾರತೀಯ ಪದ್ಧತಿಯ ಚದುರಂಗ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಹಾಗಾಗಿ ಆಟ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. 1928ರಲ್ಲಿ ಅವರು ಅಖಿಲ ಭಾರತ ಚಾಂಪಿಯನ್ ಆದರು. ಮರುವರ್ಷ ಅವರನ್ನು ಆಶ್ರಯದಾತರಾದ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಲಂಡನ್ನಿಗೆ ಕರೆದೊಯ್ದರು. ಅಲ್ಲಿ ಆಟದ ನಿಯಮವೂ ಬೇರೆ, ಭಾಷೆಯೂ ಬೇರೆ. ಆರಂಭದ ನಡೆಗಳ ಬಗ್ಗೆ ಯುರೋಪಿನವರು ತಲೆಮಾರುಗಳಿಂದ ಬರೆದಿಟ್ಟ ವಿದ್ಯೆ ಅವರ ಬಳಿ ಇರಲಿಲ್ಲ. ಪೂರ್ವಸಿದ್ಧತೆಗೆಂದು ಏರ್ಪಡಿಸಿದ ಸಣ್ಣ ಟೂರ್ನಿಯಲ್ಲಿ ಅವರು ಕೊನೆಯ ಸಾಲಿನಲ್ಲಿ ಉಳಿದರು. ಆಮೇಲೆ ಇಂಗ್ಲೆಂಡಿನ ಆಟಗಾರರಾದ ವಿಲಿಯಂ ವಿಂಟರ್ ಮತ್ತು ಫ್ರೆಡ್ ಯೇಟ್ಸ್ ಇಬ್ಬರೂ ಸುಲ್ತಾನ್ ಖಾನ್ ಅವರಿಗೆ ಅಭ್ಯಾಸ ಮಾಡಿಸಿದರು. ಅದೇ ಬೇಸಿಗೆಯಲ್ಲಿ ಅವರು ಬ್ರಿಟಿಷ್ ಚಾಂಪಿಯನ್! 1932 ಮತ್ತು 1933ರಲ್ಲಿ ಮತ್ತೆ ಅದೇ ಪಟ್ಟ.

1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಅವರು ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನು ಸೋಲಿಸಿದ ಆಟವನ್ನು ನಾನು ಎಷ್ಟು ಸಲ ನೋಡಿದರೂ ದಣಿವಾಗುವುದಿಲ್ಲ. ಬಿಳಿ ಕಾಯಿ ಸುಲ್ತಾನ್ ಖಾನ್ ಅವರದು. ಐದನೆಯ ನಡೆಯಲ್ಲಿ ಎಡ ಅಂಚಿನ ಕಾಲಾಳನ್ನು ಒಂದೇ ಮನೆ ಮುಂದಿಡುತ್ತಾರೆ. ಮುಂದೆ ವಿಶ್ವ ಚಾಂಪಿಯನ್‌ಗಳಾದ ಪೆಟ್ರೋಸಿಯನ್, ಕಾಸ್ಪರೋವ್ ಅವರಂಥವರು ಇದೇ ಬಗೆಯ ಆರಂಭವನ್ನು ಆಯುಧವಾಗಿ ಬಳಸಿದರು. ಆಟದ ನಡುವೆ ಕಾಪಾಬ್ಲಾಂಕಾ ತಮ್ಮ ಎರಡೂ ಆನೆಗಳನ್ನು ಒಂದರ ಹಿಂದೊಂದರಂತೆ ಬಿಳಿ ರಾಜನ ಸಮೀಪಕ್ಕೆ ನುಗ್ಗಿಸುತ್ತಾರೆ. ಸುಲ್ತಾನ್ ಖಾನ್ ತಮ್ಮ ರಾಣಿಯನ್ನು ಕೊಟ್ಟು ಆ ಎರಡು ಆನೆಗಳನ್ನು ತೆಗೆದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ಆತುರವೇ ಇಲ್ಲ. ಹಿಡಿತ ಬಿಗಿಯಾಗುತ್ತಾ ಹೋಗಿ 65ನೆಯ ನಡೆಗೆ ಆಟ ಮುಗಿಯುತ್ತದೆ.

ದೇಶಗಳ ತಂಡಗಳು ಸೆಣಸುವ ಒಲಿಂಪಿಯಾಡ್‌ಗಳಲ್ಲಿ ಅವರು ಇಂಗ್ಲೆಂಡಿನ ಮೊದಲ ಬೋರ್ಡಿನಲ್ಲಿ, ಅಂದರೆ ತಂಡದ ಅಗ್ರ ಆಟಗಾರನ ಸ್ಥಾನದಲ್ಲಿ ಆಡಿದರು. 1931ರಲ್ಲಿ ಪ್ರಾಗ್‌ನಲ್ಲಿ ಅಂದಿನ ದಿಗ್ಗಜರಾದ ಫ್ಲೋರ್ ಮತ್ತು ರೂಬಿನ್‌ಸ್ಟೈನ್ ಅವರನ್ನು ಸೋಲಿಸಿ, ಆಗಿನ ವಿಶ್ವ ಚಾಂಪಿಯನ್ ಅಲೆಖಿನ್ ಜೊತೆ ಡ್ರಾ ಮಾಡಿಕೊಂಡರು. ಅದೇ ವರ್ಷ ಇನ್ನೊಬ್ಬ ದಿಗ್ಗಜ ಟಾರ್ಟಕೋವರ್ ವಿರುದ್ಧದ ಹಲವು ಆಟಗಳ ಪಂದ್ಯವನ್ನೂ ಗೆದ್ದರು. ಇವೆಲ್ಲದರ ನಡುವೆ ಇಂಗ್ಲೆಂಡಿನ ಚಳಿ ಅವರನ್ನು ಕಾಡಿತು. ಮಲೇರಿಯಾ, ಗಂಟಲು ಬೇನೆ ಬಿಡಲಿಲ್ಲ.

ಸರ್ ಉಮರ್ ಅವರ ಮನೆಯಲ್ಲಿದ್ದ ಫಾತಿಮಾ ಎಂಬ ತರುಣಿ 1933ರಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದರು. ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು.

ಆ ವರ್ಷದ ಕೊನೆಗೆ ಸರ್ ಉಮರ್ ಊರಿಗೆ ಹೊರಟರು, ಸುಲ್ತಾನ್ ಖಾನ್ ಕೂಡ ಹೊರಟರು. ಯುರೋಪಿನ ಕಣದಲ್ಲಿ ಅವರಿಗೆ ದಕ್ಕಿದ್ದು ಐದು ವರ್ಷಕ್ಕೂ ಕಡಿಮೆ. ಅಕ್ಷರವೇ ಬಾರದ ಸೇವಕ ಎಂದು ಅವರನ್ನು ಚಿತ್ರಿಸುವ ಬರಹಗಳು ಇಂದಿಗೂ ಓಡಾಡುತ್ತಿವೆ. ಕುಟುಂಬದವರು ಅದನ್ನು ಅಲ್ಲಗಳೆದಿದ್ದಾರೆ. ಆ ಮಾತನ್ನು ನಾವಾದರೂ ಮುಂದಕ್ಕೆ ಸಾಗಿಸದಿರೋಣ.

ನನ್ನ ಸಂಕಟದ ಮೂಲ ಇರುವುದು 1950ರಲ್ಲಿ. ಆ ವರ್ಷ ಫಿಡೆ ಮೊದಲ ಬಾರಿಗೆ 27 ಮಂದಿಗೆ ಅಧಿಕೃತವಾಗಿ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಿತು. ಹಳೆಯ ಸಾಧನೆಗಾಗಿ ಹಿರಿಯರನ್ನೂ ಸೇರಿಸಿಕೊಂಡ ಪಟ್ಟಿ ಅದು. ಫ್ಲೋರ್, ರೂಬಿನ್‌ಸ್ಟೈನ್, ಟಾರ್ಟಕೋವರ್ ಮೂವರೂ ಅದರಲ್ಲಿದ್ದಾರೆ. ಆ ಮೂವರನ್ನೂ ಸೋಲಿಸಿದ ಸುಲ್ತಾನ್ ಖಾನ್ ಇಲ್ಲ. ಅವರಿನ್ನೂ ಬದುಕಿದ್ದರು, ಮುಂದೆ 16 ವರ್ಷ ಬದುಕಿದರು. ಆಗ ಯಾರಾದರೊಬ್ಬರು ಅವರ ಹೆಸರೆತ್ತಿದ್ದರೆ ಸಾಕಿತ್ತು.

ಹೇಸ್ಟಿಂಗ್ಸ್‌ನ ಆ ಆಟದ ನಡೆಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತವೆ. ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಹಲಗೆಯ ಮೇಲೆ ಆಡಿಸಿ. ಮೊಬೈಲಿನ ಚೆಸ್ ತಂತ್ರಾಂಶವನ್ನು ಕೇಳದೆ, ರಾಣಿಯನ್ನು ಕೊಡುವ ಮುಂಚೆ ಒಮ್ಮೆ ನಿಲ್ಲಿಸಿ, ನೀವಾಗಿದ್ದರೆ ಏನು ಆಡುತ್ತಿದ್ದಿರಿ ಎಂದು ಅವರನ್ನು ಕೇಳಿ.