ಮನಸ್ಸಿನ ಗಾಯಕ್ಕೂ ಅದೇ ಗಡುವು ಯಾಕೆ?

ಸಂಪಾದಕರೇ,

ಸರ್ಕಾರದ ಕಡೆಯವರ ತಪ್ಪಿಂದ ಕಾಲು ಮುರಿದ್ರೆ ಅವತ್ತೇ ಎಕ್ಸ್‌ರೇಲಿ ಕಾಣತ್ತೆ, ಅದೇ ಲಾಕಪ್ಪಲ್ಲಿ ಹೊಡೆಸ್ಕೊಂಡೋನಿಗೆ ಪಿಟಿಎಸ್‌ಡಿ (ಭಯಾನಕ ಘಟನೆ ಆದ್ಮೇಲೆ ಮನಸ್ಸಿಗೆ ಬರೋ ಕಾಯಿಲೆ) ಇದೆ ಅಂತ ಡಾಕ್ಟ್ರು ಹೇಳೋಷ್ಟೊತ್ತಿಗೆ ಎಷ್ಟೋ ವರ್ಷ ಕಳೆದಿರತ್ತೆ, ಆ ವಿಷಯ ಮಾತಾಡೋಕೇ ಆಗದೆ ಇರೋದೂ ಆ ಕಾಯಿಲೆದೇ ಲಕ್ಷಣ. ಆದ್ರೆ ಕೋರ್ಟಿಗೆ ಎಷ್ಟು ದಿನದೊಳಗೆ ಹೋಗ್ಬೇಕು ಅಂತ ಗಡುವು ಹಾಕೋ ನಮ್ಮ 1963ರ ಲಿಮಿಟೇಶನ್ ಆಕ್ಟಿಗೆ ಇದ್ಯಾವ್ದೂ ಲೆಕ್ಕಕ್ಕಿಲ್ಲ. ಕಾನೂನಿನ ಪ್ರಕಾರ ಮಾಡಿದ್ದು ಅಂತ ಹೇಳ್ಕೊಳ್ಳೋ ಕೆಲಸದಿಂದ ಆದ ನಷ್ಟಕ್ಕೆ ಪರಿಹಾರ ಕೇಳೋಕೆ 72ನೇ ಆರ್ಟಿಕಲ್ ಪ್ರಕಾರ ಬರೀ 1 ವರ್ಷ, ಅದೂ ಘಟನೆ ಆದ ದಿನದಿಂದ. ಅದೇ ಸರ್ಕಾರ ನಮ್ಮ ಮೇಲೆ ದಾವೆ ಹಾಕೋಕೆ? 112ನೇ ಆರ್ಟಿಕಲ್ ನೋಡಿ, 30 ವರ್ಷ!

ತಡ ಆದ್ರೆ ಕೋರ್ಟು ಮಾಫಿ ಮಾಡತ್ತಲ್ಲ ಅಂತ ಸುಮಾರು ಜನ ಅಂದ್ಕೊಂಡಿದಾರೆ. ಸೆಕ್ಷನ್ 5 ಇರೋದು ಅಪೀಲು, ಅರ್ಜಿಗಳಿಗೆ ಮಾತ್ರ, ಹೊಸ ದಾವೆಗೆ ಅದು ಬರಲ್ಲ. ಸೆಕ್ಷನ್ 6ರಲ್ಲಿ ಬುದ್ಧಿ ಸ್ವಾಧೀನದಲ್ಲಿ ಇಲ್ಲದೋರಿಗೆ ವಿನಾಯ್ತಿ ಇದೆ ಸರಿ, ಆದ್ರೆ ಗಡುವು ಶುರುವಾಗೋ ಹೊತ್ತಿಗೇ ಹಾಗಿರ್ಬೇಕು, ಆಮೇಲೆ ಕಾಯಿಲೆ ಬಂದ್ರೆ ಗಡಿಯಾರ ನಿಲ್ಲಲ್ಲ ಅಂತ ಸೆಕ್ಷನ್ 9 ಕಡ್ಡಿ ಮುರಿದಂಗೆ ಹೇಳತ್ತೆ. ಡಿಪ್ರೆಶನ್ ಇದ್ದೋರು, ಕೆಟ್ಟ ಕನಸಿಗೆ ಬೆಚ್ಚಿ ಏಳೋರು ‘ಬುದ್ಧಿ ಸ್ವಾಧೀನ ಇಲ್ಲದೋರು’ ಲೆಕ್ಕಕ್ಕೂ ಬರಲ್ಲ. ಹೈಕೋರ್ಟಿಗೆ ನೇರವಾಗಿ ರಿಟ್ ಅರ್ಜಿ ಹಾಕ್ಬಹುದು ನಿಜ, ಆದ್ರೆ ಸಾಕ್ಷಿ ವಿಚಾರಣೆ ಬೇಕಾಗೋ ಕಡೆ ಸಿವಿಲ್ ಕೋರ್ಟಿಗೇ ಹೋಗಿ ಅಂತಾರೆ.

ಆಸ್ಟ್ರೇಲಿಯಾದ ಕಥೆ ಕೇಳಿ. 1964ರ ಫೆಬ್ರವರಿ 10ರ ರಾತ್ರಿ ಅವರದ್ದೇ ನೌಕಾಪಡೆಯ ಮೆಲ್ಬರ್ನ್, ವಾಯೇಜರ್ ಹಡಗುಗಳು ಡಿಕ್ಕಿ ಹೊಡೆದು 82 ಜನ ಸತ್ರು. ಪಿಟಿಎಸ್‌ಡಿ ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದೇ 1980ರಲ್ಲಿ, ಅಂದ್ಮೇಲೆ ಬದುಕುಳಿದೋರು ಇಪ್ಪತ್ತು ವರ್ಷ ಬಿಟ್ಟು ಕೋರ್ಟಿಗೆ ಬಂದಿದ್ರಲ್ಲಿ ಏನಾಶ್ಚರ್ಯ? ವೆರ್ವೇಯನ್ ಅನ್ನೋ ನಾವಿಕರ ಕೇಸಲ್ಲಿ ಸರ್ಕಾರ ಮೊದ್ಲು ಕಾಲಮಿತಿ ವಾದ ಎತ್ತಲ್ಲ ಅಂತು, ಕೇಸು ನಡೀತಿರೋವಾಗ್ಲೇ ಮಾತು ಬದಲಾಯಿಸ್ತು. 1990ರಲ್ಲಿ ಅಲ್ಲಿನ ಹೈಕೋರ್ಟು, ಅಲ್ಲಿ ಅದೇ ಎಲ್ಲಕ್ಕಿಂತ ದೊಡ್ಡ ಕೋರ್ಟು, ಹಂಗೆಲ್ಲ ಉಲ್ಟಾ ಹೊಡೆಯೋಕೆ ಬಿಡಲ್ಲ ಅಂತು, ಅದೂ ನಾಲ್ಕು-ಮೂರರ ಅಂತರದಲ್ಲಿ. ಒಂದು ಓಟು ಆಕಡೆ ಹೋಗಿದ್ರೆ ಮುಗೀತು.

ಹಳೇ ಕೇಸಲ್ಲಿ ಸಾಕ್ಷಿ ಸಿಗಲ್ಲ, ಸರ್ಕಾರಕ್ಕೂ ಅನ್ಯಾಯ ಆಗತ್ತೆ ಅಂತ ವಕೀಲರು ಹೇಳ್ತಾರೆ. ಆ ಮಾತಲ್ಲಿ ಹುರುಳಿದೆ, ಆದ್ರೂ ಡ್ಯೂಟಿ ರಿಜಿಸ್ಟರು, ಸ್ಟೇಷನ್ ಡೈರಿ ಎಲ್ಲ ಇರೋದು ಯಾರ ಹತ್ರ ಸ್ವಾಮಿ? ಬ್ರಿಟನ್ನಿನ 1980ರ ಕಾಯ್ದೇಲಿ ದೇಹದ ಜೊತೆ ಮನಸ್ಸಿನ ಗಾಯವೂ ಸೇರಿದೆ, 3 ವರ್ಷದ ಗಡುವನ್ನ ಗಾಯದ ವಿಷಯ ಗೊತ್ತಾದ ದಿನದಿಂದ ಎಣಿಸ್ಬಹುದು, ಅದೂ ಮೀರಿದ್ರೆ ಜಡ್ಜು ಎರಡೂ ಕಡೆಯ ಕಷ್ಟ ತೂಗಿ ಬಿಡ್ಬಹುದು, ಬಿಡದೇನೂ ಇರ್ಬಹುದು. ನಮ್ಮಲ್ಲಿ ಜಡ್ಜಿಗೆ ಮನಸ್ಸಿದ್ರೂ ಆ ಅಧಿಕಾರ ಇಲ್ಲ. ಲಾ ಕಮಿಷನ್ನು ಮೊದ್ಲು ಸೆಕ್ಷನ್ 5ನ್ನ ಇಂಥ ದಾವೆಗಳಿಗೂ ವಿಸ್ತರಿಸೋ ತಿದ್ದುಪಡಿ ಶಿಫಾರಸು ಮಾಡ್ಲಿ, 72ರ ಒಂದು ವರ್ಷಾನ ಕಾಯಿಲೆ ಪತ್ತೆಯಾದ ದಿನದಿಂದ ಎಣಿಸೋ ಹಾಗೂ ಮಾಡ್ಲಿ.

– ಒಬ್ಬ ಓದುಗ