ಪುಟ್ಟಿ, ಆ ಪಟ್ಟಿ ಸ್ವಲ್ಪ ಖಾಲಿ ಮಾಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಎಕ್ಸೆಲ್ ಪಟ್ಟಿ ನೋಡಿದೆ. ಐದು ತಿಂಗಳು ವಿಮಾನ ಹತ್ತದೆ ಬಸ್ಸು, ರೈಲಲ್ಲೇ ಸುತ್ತುತ್ತೀನಿ ಅಂದಿದ್ದು ಖುಷಿಯಾಯ್ತು. ಆದರೆ ಪ್ರತಿ ರಾತ್ರಿಗೂ ಒಂದೊಂದು ಹೋಟೆಲ್ ಬರೆದಿಟ್ಟಿದ್ದೀಯಲ್ಲ, ಅದು ಬೇಡ. ಒಂದು ಬಸ್ಸು ತಪ್ಪಿದರೆ ಸಾಕು, ಮುಂದಿನದೆಲ್ಲ ತಲೆಕೆಳಗಾಗುತ್ತದೆ. ಆಮೇಲೆ ಊರು ನೋಡೋದು ಬಿಟ್ಟು ಬುಕಿಂಗ್ ರದ್ದು ಮಾಡುತ್ತಾ ಕೂರುತ್ತೀಯ.

ಹಾಗಂತ ವೀಸಾ ವಿಷಯದಲ್ಲಿ ಉಡಾಫೆ ಬೇಡ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಕ್ಕೆ 90 ದಿನ ಇರಬಹುದು ಅಂದರೆ 90 ದಿನವೇ. ಒಳಗೆ ಕಾಲಿಟ್ಟ ದಿನ, ಹೊರಬಿದ್ದ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ನಾನು ಬಂದ ದಿನವನ್ನು ಬಿಟ್ಟು ಎಣಿಸಿದ್ದೆ. ಒಂದು ರಾತ್ರಿ ಸುಮ್ನೆ ಕೂತು ಬೆರಳು ಮಡಚಿ ಮತ್ತೆ ಎಣಿಸಿದಾಗ ಎದೆ ಧಸಕ್ಕೆಂದಿತು, ಮಾರನೇ ದಿನವೇ ಕೊನೇ ದಿನ!

ಇನ್ನೊಂದು, ಮಧ್ಯ ಏಷ್ಯಾದ ಬೆಟ್ಟಗಳ ಮೇಲಿನ ಪಾಮೀರ್ ಹೆದ್ದಾರಿ. ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ಮುರ್ಗಾಬ್‌ಗೆ ಒಂದೇ ದಿನ ಇಟ್ಟಿದ್ದೀಯ. ಓಶ್ ಇರೋದು ಸುಮಾರು 1,000 ಮೀಟರ್ ಎತ್ತರದಲ್ಲಿ, ಮುರ್ಗಾಬ್ 3,600ಕ್ಕೂ ಜಾಸ್ತಿ, ನಡುವೆ ದಾಟಬೇಕಾದ ಅಕ್-ಬೈಟಲ್ ಘಾಟಿ 4,655 ಮೀಟರ್. 3,000 ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಮೇಲೇರಬಾರದು ಅಂತ ಡಾಕ್ಟರುಗಳು ಹೇಳೋದು ಸುಮ್ನೆ ಅಲ್ಲ. ಜೀಪಿನವರಿಗೆ ಆತುರ ಇರುತ್ತದೆ, ನಿನಗೇನು? ಮೈ ಎತ್ತರಕ್ಕೆ ಒಗ್ಗಲಿ, ದಾರಿಯಲ್ಲೇ ಎರಡು ಮೂರು ರಾತ್ರಿ ಉಳಿ. ತಲೆನೋವಿನ ಜೊತೆ ವಾಂತಿ ಶುರುವಾದರೆ ಮಾತೇ ಇಲ್ಲ, ಕೆಳಗಿಳಿ.

ನೆಲದ ಮೇಲೇ ಹೋಗುವುದರ ಸುಖ ಏನು ಅಂತ ಕೇಳಿದ್ದೆಯಲ್ಲ. ಚೀನಾದಿಂದ ಮಂಗೋಲಿಯಾಕ್ಕೆ ಹೋಗುವಾಗ ಎರೆನ್‌ಹಾಟ್ ಗಡಿಯಲ್ಲಿ ನಮ್ಮ ರೈಲನ್ನು ಒಂದು ದೊಡ್ಡ ಶೆಡ್ಡಿಗೆ ತಳ್ಳಿದರು. ಚೀನಾದ ಹಳಿಯ ಅಗಲ 1,435 ಮಿಲಿಮೀಟರ್, ಆಚೆಯದು 1,520. ವ್ಯತ್ಯಾಸ ಹೆಚ್ಚುಕಡಿಮೆ ನಾಲ್ಕು ಬೆರಳು, ಅಷ್ಟೇ. ಅದಕ್ಕೋಸ್ಕರ ನಾವು ಒಳಗೆ ಕೂತಿರುವಾಗಲೇ ಡಬ್ಬಿಗಳನ್ನು ಒಂದೊಂದಾಗಿ ಜಾಕಿಯಲ್ಲಿ ಎತ್ತಿ, ಕೆಳಗಿನ ಗಾಲಿಗಳನ್ನೆಲ್ಲ ಸರಿಸಿ ಬೇರೆ ಜೋಡಿಸಿದರು. ಗಂಟೆಗಟ್ಟಲೆ ಹಿಡಿಯಿತು. ಪಕ್ಕದ ಸೀಟಿನ ಅಜ್ಜಿ ಅಷ್ಟೂ ಹೊತ್ತು ಹಾಯಾಗಿ ಗೊರಕೆ ಹೊಡೆಯುತ್ತಿದ್ದರು, ನಾನು ಕಿಟಕಿಗೆ ಮೂಗು ಒತ್ತಿಕೊಂಡು ಕೂತಿದ್ದೆ. ವಿಮಾನದಲ್ಲಿ ಹೋಗಿದ್ದರೆ ಗಡಿ ಎಲ್ಲಿ ಬಂತು ಅಂತಲೇ ಗೊತ್ತಾಗುತ್ತಿರಲಿಲ್ಲ ಅಲ್ವಾ?

ಯಾರೂ ಹೇಳದ ಮಾತೊಂದಿದೆ. ಎರಡನೇ ತಿಂಗಳ ಹೊತ್ತಿಗೆ ಏನೂ ನೋಡೋದು ಬೇಡ ಅನ್ನಿಸುತ್ತದೆ. ಎಂಥ ಬೆಟ್ಟ ಎದುರಿಗಿದ್ದರೂ ಅಯ್ಯೋ ಇನ್ನೊಂದಾ ಅನ್ನಿಸುತ್ತದೆ. ನಾನಂತೂ ಒಮ್ಮೆ ಬಸ್‌ಸ್ಟ್ಯಾಂಡ್ ಬೆಂಚಿನ ಮೇಲೆ ಕಾರಣವಿಲ್ಲದೆ ಅತ್ತಿದ್ದೇನೆ. ಆಗ ಯಾವುದಾದರೂ ಚಿಕ್ಕ ಊರಲ್ಲಿ ಹತ್ತು ದಿನ ಬಿದ್ದುಕೋ, ಬಟ್ಟೆ ಒಗಿ, ಮಧ್ಯಾಹ್ನ ನಿದ್ದೆ ಮಾಡು. ಪಟ್ಟಿ ಖಾಲಿ ಇಡು ಅಂದಿದ್ದು ಇದಕ್ಕೇ.

ಪಾಸ್‌ಪೋರ್ಟ್ ಪ್ರತಿ ನನಗೊಂದು ಕಳಿಸು. ಹಾಂ, ದಿನಾ ಫೋನ್ ಮಾಡುತ್ತೀನಿ ಅಂತ ಅಮ್ಮನಿಗೆ ಮಾತು ಕೊಡಬೇಡ. ಸಿಗ್ನಲ್ ಸಿಗದ ದಿನ ಅವಳು ನನ್ನ ತಲೆ ತಿನ್ನುತ್ತಾಳೆ. ವಾರಕ್ಕೆರಡು ಸಲ ಅಂತ ಹೇಳು.

ನಿನ್ನ ಮಾವ