ಹೆಸರಿಗೆ ತಪ್ಪೊಪ್ಪಿಗೆ, ಒಳಗೆಲ್ಲ ತಲೆ ಎಣಿಕೆ

ದಾವಣಗೆರೆ
ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ನೀನು ಬೆಂಗಳೂರಿಂದ ಕಳಿಸಿದ ಪುಸ್ತಕ ಓದಿ ಮುಗಿಸಿದೆ. 'ಸೇವೆಗೆ ಇಳಿಯೋರು ಓದಲೇಬೇಕು' ಅಂತ ಬೇರೆ ಬರೆದಿದ್ದೆ ಒಳಗೆ. ಅಮೆರಿಕದಲ್ಲಿ ಮಾರ್ಸ್ ಹಿಲ್ ಅನ್ನೋ ಸಭೆಗೆ ಪಾಸ್ಟರ್ ಆಗಿದ್ದ ಆ ಮಾರ್ಕ್ ಡ್ರಿಸ್ಕಲ್‌ಗೆ ಕಥೆ ಹೇಳೋಕೆ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಎರಡೇ ರಾತ್ರಿಗೆ ಓದಿಸಿಬಿಟ್ಟ. ಹಾಗಿದ್ದೂ ನನಗೆ ಹಿಡಿಸಲಿಲ್ಲ ಕಣೋ.

ಹೆಸರು ನೋಡು, 'ಕನ್ಫೆಷನ್ಸ್ ಆಫ್ ಎ ರಿಫಾರ್ಮಿಷನ್ ರೆವ್'. 2006ರದ್ದು. ಕನ್ಫೆಷನ್ ಅಂದರೆ ತಪ್ಪೊಪ್ಪಿಗೆ ಅಲ್ವಾ? ಈಗ ಪರಿವಿಡಿ ತೆಗೆ. ಅಧ್ಯಾಯಗಳೆಲ್ಲ ಸಭೆಗೆ ಬಂದವರ ಲೆಕ್ಕ: ಮೊದಲನೆಯದು ಸೊನ್ನೆಯಿಂದ 45 ಜನ. ಆಮೇಲೆ 45ರಿಂದ 75. ಹೀಗೇ ಹತ್ತಿ ಹತ್ತಿ ಕೊನೆಯದು 4,000ದಿಂದ 10,000. ತಪ್ಪು ಒಪ್ಪಿಕೊಳ್ಳೋನು ಪಕ್ಕದಲ್ಲಿ ಹಾಜರಿ ಪುಸ್ತಕ ಯಾಕೆ ಇಟ್ಟುಕೊಳ್ಳಬೇಕು? ಸಿಟ್ಟು ಮಾಡಿದೆ, ಬೈದೆ ಅಂತ ಹೇಳುತ್ತಾನೆ. ಹೇಳಿ ಮುಗಿಸುವಷ್ಟರಲ್ಲಿ ಜನ ಜಾಸ್ತಿಯಾಗಿರುತ್ತಾರೆ. ಬೈದದ್ದೇ ಸರಿ ಅಂತ ನಮಗೂ ಅನ್ನಿಸಿಬಿಡುತ್ತದೆ.

ಪುಸ್ತಕ ಬಂದ ಮೇಲಿನ ಕಥೆ ನಿನಗೆ ಯಾರೂ ಹೇಳಿದಂತಿಲ್ಲ. 2007ರಲ್ಲಿ ಅವನ ಸಭೆಯ ನಿಯಮ ಬದಲಾಯಿಸಿ ಅಧಿಕಾರವನ್ನೆಲ್ಲ ಕೆಲವೇ ಜನರ ಕೈಗೆ ಕೊಡಲು ಹೊರಟಾಗ ಇಬ್ಬರು ಹಿರಿಯರು ಬೇಡ ಅಂದರು. ಇಬ್ಬರನ್ನೂ ತೆಗೆದರು. ನಮ್ಮ ಬಸ್ಸಿನ ಹಿಂದೆ ಹೆಣಗಳ ರಾಶಿ ಬಿದ್ದಿದೆ, ದೇವರ ಕೃಪೆಯಿಂದ ಅದು ಬೆಟ್ಟ ಆಗುತ್ತದೆ ಅನ್ನೋ ಅರ್ಥದ ಮಾತನ್ನು ಆಗಲೇ ಇವನು ಆಡಿದ್ದು. ಹತ್ತದೇ ಇದ್ದವರ ಮೇಲೆ ಬಸ್ಸು ಹರಿಯುತ್ತದಂತೆ. ಸಭೆಯನ್ನು ಕುರಿಮಂದೆ ಥರ ಕಾಯಬೇಕಾದ ಪಾಸ್ಟರ್ ಆಡೋ ಮಾತಾ ಇದು? 2012ರಲ್ಲಿ ಗಂಡ ಹೆಂಡತಿ ಸೇರಿ ದಾಂಪತ್ಯದ ಮೇಲೆ ಒಂದು ಪುಸ್ತಕ ಬರೆದರು. ಅದನ್ನು ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟವಾದ ಪುಸ್ತಕಗಳ ಪಟ್ಟಿಗೆ ಏರಿಸೋಕೆ, ಒಂದು ಕಂಪನಿಯ ಮೂಲಕ ಪ್ರತಿಗಳನ್ನು ಕೊಳ್ಳಿಸಲು ಸಭೆಯ ದುಡ್ಡಲ್ಲಿ ಸುಮಾರು 2 ಲಕ್ಷ ಡಾಲರ್ ಸುರಿದರು. 2014ರಲ್ಲಿ ಎಲ್ಲ ಹೊರಗೆ ಬಂತು. ಆ ಅಕ್ಟೋಬರ್‌ನಲ್ಲಿ ರಾಜೀನಾಮೆ. 1996ರಲ್ಲಿ ಸಿಯಾಟಲ್‌ನಲ್ಲಿ ಶುರುವಾಗಿ 15 ಕಡೆ ಬೆಳೆದಿದ್ದ ಮಾರ್ಸ್ ಹಿಲ್ ಸಭೆ 2015ರ ಹೊಸ ವರ್ಷಕ್ಕೆ ಇರಲಿಲ್ಲ. ಅವನೇನೋ ಅರಿಜೋನಾಕ್ಕೆ ಹೋಗಿ ಇನ್ನೊಂದು ಸಭೆ ಕಟ್ಟಿಕೊಂಡ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನೀನು ಊರು ಬಿಟ್ಟ ಮೇಲೆ ನಮ್ಮ ಪಾಸ್ಟರ್ ಕೂಡ ಜೀವನ ಚರಿತ್ರೆ ಬರೆದರು. ಸಭೆಗೆ 25 ವರ್ಷ ತುಂಬಿತ್ತು. ಗೇಟಿಗೆ ಕಟ್ಟಿದ ಫ್ಲೆಕ್ಸ್‌ನಲ್ಲಿ ಅವರ ಮುಖ ಎಷ್ಟು ದೊಡ್ಡದಿತ್ತೆಂದರೆ ಶಿಲುಬೆ ಅವರ ಕಿವಿಯ ಹತ್ತಿರ ಒಂದು ಮೂಲೆಗೆ ಹೋಗಿತ್ತು. ಮನೆಗೆ ಐದು ಪ್ರತಿ ಕಡ್ಡಾಯ. ಅಲ್ಲಿ ಕಂಪನಿ ಮಾಡಿದ ಕೆಲಸ ಇಲ್ಲಿ ನಾವೇ ಪುಕ್ಕಟೆ ಮಾಡಿದೆವು. ಉಳಿದ ಕಟ್ಟುಗಳು ಸಂಡೇ ಸ್ಕೂಲ್ ಕೋಣೆಯಲ್ಲಿವೆ. ಕುರ್ಚಿ ಸಾಲದ ದಿನ ಮಕ್ಕಳು ಅವುಗಳ ಮೇಲೇ ಕೂತು ಹಾಡುತ್ತವೆ.

ಅದರ ಪ್ರೂಫ್ ನೋಡಿದ್ದು ನಾನೇ. ಅದನ್ನು ಹೇಳದೆ ಡ್ರಿಸ್ಕಲ್‌ನ ಬೈದರೆ ಸರಿ ಹೋಗಲ್ಲ.

ಹತ್ತಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಹಿರಿಯರು ನಿನಗೆ ನೆನಪಿದ್ದಾರೆ ಅಲ್ವಾ? ಆರಾಧನೆ ಮುಗಿದ ಮೇಲೆ ನಮ್ಮಿಬ್ಬರಿಗೂ ಬೆಣ್ಣೆ ದೋಸೆ ಕೊಡಿಸುತ್ತಿದ್ದವರು. ಸಭೆ ಶುರುವಾಗಿದ್ದೇ ಅವರ ಮನೆಯ ಪಡಸಾಲೆಯಲ್ಲಿ. ಪುಸ್ತಕದಲ್ಲಿ 'ಒಬ್ಬ ವಿಶ್ವಾಸಿಯ ಮನೆಯಲ್ಲಿ' ಅಂತ ಇತ್ತು. ಹೆಸರಿಲ್ಲ. ಪೆನ್ನು ನನ್ನ ಕೈಯಲ್ಲೇ ಇತ್ತು. ಒಂದು ಅಲ್ಪವಿರಾಮ ತಿದ್ದಿ ಮುಂದಕ್ಕೆ ಹೋದೆ.

ಅವರು ಕೇಳಿದ್ದು ಇಷ್ಟೇ: ಪ್ರಿಂಟಿಗೆ ಎಷ್ಟಾಯಿತು, ಕಾಣಿಕೆ ದುಡ್ಡೋ ಬೇರೆಯದೋ. ಮುಂದಿನ ಭಾನುವಾರದ ಪ್ರಸಂಗ ಪೂರ್ತಿ ಅಭಿಷಿಕ್ತರನ್ನು ಮುಟ್ಟಬಾರದು ಅನ್ನೋ 105ನೇ ಕೀರ್ತನೆಯ ಮಾತಿನ ಮೇಲೆ. ಮನೆಗೆ ಬಂದು ತೆಗೆದು ನೋಡಿದೆ. ಅಬ್ರಹಾಮನ ಮನೆಯವರು ನೆಲೆಯಿಲ್ಲದೆ ಅಲೆಯುತ್ತಿದ್ದಾಗ ದೇವರು ರಾಜರನ್ನು ಗದರಿಸಿ ಹೇಳಿದ ಮಾತು ಅದು. ನಮ್ಮಲ್ಲಿ ಅದನ್ನು ಲೆಕ್ಕ ಕೇಳಿದ ಮುದುಕರ ಮೇಲೆ ಎಸೆದರು. ಕಾಣಿಕೆ ಚೀಲ ಹಿಡಿಯೋ ಪಾಳಿಯಿಂದ ಅವರ ಹೆಸರು ಹೋಯಿತು. ಯಾರೂ ಏನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈಗಲೂ ಬರುತ್ತಾರೆ. ಚಪ್ಪಲಿ ಬಿಡೋ ಜಾಗದ ಪಕ್ಕ, ಕೊನೇ ಸಾಲಿನಲ್ಲಿ ಕೂರುತ್ತಾರೆ. ಇವತ್ತು ನಾನೂ ಅಲ್ಲೇ ಹೋಗಿ ಕೂತೆ. ಕೀರ್ತನೆ ಪುಸ್ತಕವನ್ನು ಸುಮ್ನೆ ನನ್ನ ಕಡೆಗೂ ಸರಿಸಿದರು.

ನಿನ್ನ ಪುಸ್ತಕದ ಜೊತೆ ನಮ್ಮ ಪಾಸ್ಟರದ್ದೂ ಒಂದು ಪ್ರತಿ ಕಳಿಸುತ್ತಿದ್ದೇನೆ, ಮನೆಯಲ್ಲಿ ಇನ್ನೂ ನಾಲ್ಕು ಬಿದ್ದಿವೆ. 'ಒಬ್ಬ ವಿಶ್ವಾಸಿಯ' ಅನ್ನೋ ಕಡೆ ಪೆನ್ನಲ್ಲಿ ಹೆಸರು ಬರೆದಿದ್ದೇನೆ, ನೋಡು. ಅಂದಹಾಗೆ, ನೀನೀಗ ಹೋಗುತ್ತಿರೋ ಸಭೆಯಲ್ಲಿ ವರ್ಷದ ಲೆಕ್ಕ ಯಾರು ಓದುತ್ತಾರೆ? ಬರೆ.

ನಿನ್ನ
ಗೆಳೆಯ